ಷಡ್ಡಕನೂ ಎರಡನೇ ಬ್ರೇಕೂ

ನಮ್ಮ ಷಡ್ಡಕನಷ್ಟು ಒಳ್ಳೆಯವನು ಇಡೀ ದಕ್ಷಿಣ ಬೆಂಗಳೂರಿನಲ್ಲೇ ಇಲ್ಲ. ಅವನ ಮೇಲೆ ನನಗಿರುವ ದೂರು ಅದೊಂದೇ!

ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ದೇವರು ಅಣ್ಣತಮ್ಮಂದಿರನ್ನು ಕೊಡುವುದು ಜಗಳವಾಡಲಿಕ್ಕೆ, ಸ್ನೇಹಿತರನ್ನು ಕೊಡುವುದು ಹರಟೆ ಹೊಡೆಯಲಿಕ್ಕೆ, ಷಡ್ಡಕನನ್ನು ಕೊಡುವುದು ಮಾತ್ರ ಹೋಲಿಸಿ ನೋಡಲಿಕ್ಕೆ. ಇಬ್ಬರು ಅಳಿಯಂದಿರನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿ ಕೂರಿಸಿ ತೂಗದ ಅತ್ತೆಮನೆ ಯಾವುದಾದರೂ ಇದೆಯೇ? ಜಯನಗರದ ನಮ್ಮ ಅತ್ತೆಮನೆಯಲ್ಲಿ ಆ ತಕ್ಕಡಿ ಅಡುಗೆಮನೆಯಲ್ಲೇ ಇದೆ. ನನ್ನ ತಟ್ಟೆ ಯಾವಾಗಲೂ ಮೇಲೆ, ಹಗುರಾಗಿ ಗಾಳಿಯಲ್ಲಿ ತೂಗಾಡುತ್ತಿರುತ್ತದೆ.

ನಾನು ಹಿರಿಯ ಅಳಿಯ. ಬನಶಂಕರಿಯಲ್ಲಿ ಒಂದು ಡ್ರೈವಿಂಗ್ ಸ್ಕೂಲ್ ನಡೆಸುತ್ತೇನೆ. ಇವತ್ತು ಜೆ.ಪಿ. ನಗರದ ರಸ್ತೆಯಲ್ಲಿ ನಿಮ್ಮನ್ನು ಎಡಗಡೆಯಿಂದ ಓವರ್‌ಟೇಕ್ ಮಾಡಿ ಹೋದವರಲ್ಲಿ ಅರ್ಧ ಜನ ನನ್ನ ಶಿಷ್ಯರೇ ಇರಬೇಕು. ಅದಕ್ಕೆ ನನ್ನನ್ನು ಬಯ್ಯಬೇಡಿ. ನಾನು ಪಕ್ಕದಲ್ಲಿ ಕೂತಿದ್ದಾಗ ಅವರಲ್ಲಿ ಯಾರೂ ಹಾಗೆ ಓಡಿಸಿದವರಲ್ಲ! ಎಲ್ಲ ಡ್ರೈವಿಂಗ್ ಸ್ಕೂಲ್ ಕಾರುಗಳ ಹಾಗೆ ನನ್ನ ಕಾರಿನಲ್ಲೂ ನಾನು ಕೂರುವ ಕಡೆ ಇನ್ನೊಂದು ಬ್ರೇಕ್ ಇದೆ. ಕಲಿಯುವವರು ಹಸುವಿಗೆ ಗುದ್ದುವ ಮೊದಲು ನಾನು ಅದನ್ನು ಒತ್ತುತ್ತೇನೆ. ಆ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಕಾರು ಬಿಟ್ಟರೆ ನನ್ನ ಆಸ್ತಿ ಎಂದರೆ ಒಂದು ಮಾತು. ಕ್ಲಚ್ ಬಿಡಲು ಹೆದರಿ ನಡುಗುವವರಿಗೆ ಅದನ್ನು ಹೇಳುತ್ತೇನೆ: "ಮಗು ಮಲಗಿದೆ ಅಂದ್ಕೊಳ್ಳಿ. ಅದರ ತಲೆ ಕೆಳಗಿಂದ ಕೈ ತೆಗೀತಾ ಇದೀರಿ. ಮೆಲ್ಲಗೆ... ಮೆಲ್ಲಗೆ..." ಈ ಮಾತು ಕೇಳಿದಾಗಲೆಲ್ಲ ನನ್ನ ಹೆಂಡತಿಗೆ ನಗು. "ಎಂಜಿನ್ ಆಫ್ ಆದ್ರೆ ಮಗು ಎದ್ದು ಅಳುತ್ತೇನ್ರೀ?" ಎಂದು ಕೇಳುತ್ತಾಳೆ. ನಮ್ಮ ಮನೆಯಲ್ಲಿ ನನ್ನ ವಿದ್ಯೆಗಿರುವ ಬೆಲೆ ಅಷ್ಟೇ.

ಷಡ್ಡಕನ ವಿದ್ಯೆ ಬೇರೆ. ಅವನು ಬಿಳೇಕಹಳ್ಳಿಯ ಫ್ಲಾಟಿನಲ್ಲಿ ಕೂತು ಕಳ್ಳರನ್ನು ಸಾಕುತ್ತಾನೆ! ಗಾಬರಿಯಾಗಬೇಡಿ. ಕಂಪ್ಯೂಟರಿನೊಳಗೆ ನುಗ್ಗಿ ಪಾಸ್‌ವರ್ಡ್ ಕದಿಯುವ, ಫೈಲುಗಳಿಗೆ ಬೀಗ ಜಡಿಯುವ ಮಾಲ್ವೇರ್ ಎಂಬ ದುಷ್ಟ ಪ್ರೋಗ್ರಾಮುಗಳಿವೆಯಲ್ಲ, ಅವನ್ನು ಹಿಡಿದು ತಂದು, ಹೊರಗೆ ಹೋಗಲು ದಾರಿಯಿಲ್ಲದ ಒಂದು ಕಂಪ್ಯೂಟರಿನೊಳಗೆ ಬಿಟ್ಟು, ಏನು ಮಾಡುತ್ತವೆ ಎಂದು ನೋಡುತ್ತ ಕೂರುವುದು ಅವನ ಉದ್ಯೋಗ. ಬೇಲಿ ಹಾಕಿ ಹೆಗ್ಗಣ ಸಾಕುವುದಕ್ಕೆ ಇಷ್ಟು ಮರ್ಯಾದೆ ಸಿಗುತ್ತದೆಂದು ಗೊತ್ತಿದ್ದರೆ ನಾನೂ ಅದನ್ನೇ ಓದುತ್ತಿದ್ದೆ.

ಅವನು ನಮ್ಮ ಮನೆತನಕ್ಕೆ ಕಾಲಿಟ್ಟ ರೀತಿಯೇ ವಿಚಿತ್ರ. ಹೆಣ್ಣು ನೋಡಲು ಬಂದ ದಿನ ಅತ್ತೆಮನೆ ಮಿರಮಿರ ಮಿಂಚುತ್ತಿತ್ತು. ಸೋಫಾಗೆ ಹೊಸ ಹೊದಿಕೆ, ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣಿನ ಸ್ನಾನ, ಹಿರಿಯ ಅಳಿಯನಾದ ನನಗೆ ಇಸ್ತ್ರಿ ಮಾಡಿದ ಪಂಚೆ. ಎಲ್ಲರೂ ಕೇಸರಿಬಾತಿನಷ್ಟು ಸಿಹಿಯಾಗಿ ಮಾತನಾಡಿದೆವು. ಅವನು ಎಲ್ಲವನ್ನೂ ನೋಡಿ, ತಟ್ಟೆ ಖಾಲಿ ಮಾಡಿ, ಕೈಮುಗಿದು ಹೇಳಿದ: "ತಪ್ಪು ತಿಳ್ಕೋಬೇಡಿ. ಇವತ್ತು ನಾವೆಲ್ಲ ಒಬ್ರನ್ನೊಬ್ರು ನೋಡ್ತಿದೀವಿ ಅಂತ ಎಲ್ರಿಗೂ ಗೊತ್ತು. ಇದರಿಂದ ಏನೂ ತಿಳಿಯಲ್ಲ. ನಾನು ಇನ್ನೊಂದ್ಸಲ ಬರ್ತೀನಿ. ಯಾವತ್ತು ಅಂತ ಹೇಳಲ್ಲ."

ನಾನು ಮನಸ್ಸಿನಲ್ಲೇ ಹಿಗ್ಗಿದೆ. ಇಂಥ ತಲೆಕೆಟ್ಟವನಿಗೆ ಯಾರು ಹೆಣ್ಣು ಕೊಡುತ್ತಾರೆ? ಅವನು ಬಂದದ್ದು ಒಂದು ಸೋಮವಾರ ಬೆಳಗ್ಗೆ. ಅತ್ತೆ ತಲೆಗೆ ಟವೆಲ್ ಸುತ್ತಿಕೊಂಡಿದ್ದರು, ನಾದಿನಿ ಹಳೇ ನೈಟಿಯಲ್ಲಿ ನಲ್ಲಿ ರಿಪೇರಿಯವನ ಜೊತೆ ಜಗಳವಾಡುತ್ತಿದ್ದಳು, ಹಾಲ್ ತುಂಬ ಒಣಗದ ಬಟ್ಟೆ. ಅವನು ಸ್ಟೂಲಿನ ಮೇಲೆ ಕೂತು, ಹಿಂದಿನ ದಿನದ ಅನ್ನದ ಚಿತ್ರಾನ್ನ ತಿಂದು, "ಈಗ ಸರಿ. ನನಗೊಪ್ಪಿಗೆ" ಎಂದನಂತೆ. ಅತ್ತೆ ಅಲ್ಲೇ ಕರಗಿ ನೀರಾದರು. ಅವತ್ತಿನಿಂದ ಅವನಿಗೆ "ಬಾರೋ, ತಿಂಡಿ ಆಯ್ತೇನೋ" ಎನ್ನುವ ಸ್ವಾಗತ. ಅವನೂ ಅವರನ್ನು "ಅಮ್ಮ" ಎನ್ನುತ್ತಾನೆ. ನನಗೋ, ಮದುವೆಯಾಗಿ ಇಷ್ಟು ವರ್ಷವಾದ ಮೇಲೂ "ಬನ್ನಿ, ಕೂತ್ಕೊಳ್ಳಿ, ಫ್ಯಾನ್ ಹಾಕ್ಲಾ?" ನಾನು ಅಳಿಯನೋ, ಮೀಟರ್ ಓದಲು ಬಂದವನೋ? ನನಗೂ ಆ ಮನೆಯಲ್ಲಿ ಸ್ಟೂಲಿನ ಮೇಲೆ ಕೂತು ನಿನ್ನೆಯ ಚಿತ್ರಾನ್ನ ತಿನ್ನುವ ಆಸೆ. ಆದರೆ ನನ್ನ ಕಾರು ಗೇಟಿನ ಹತ್ತಿರ ನಿಂತ ತಕ್ಷಣ ಅಲ್ಲಿ ಸೋಫಾ ಹೊದಿಕೆ ಬದಲಾಗುತ್ತದೆ!

ಒಂದು ಅವರೆಕಾಯಿ ಕಾಲದಲ್ಲಿ ನಾವೆಲ್ಲ ಅತ್ತೆಮನೆಯ ಹಾಲಿನಲ್ಲಿ ಕೂತು ಕಾಯಿ ಬಿಡಿಸುತ್ತಿದ್ದೆವು. ಅತ್ತೆ ಅವನನ್ನು ಕೇಳಿದರು: "ಅದೇನ್ ಕೆಲ್ಸ ಮಾಡ್ತೀಯೋ, ಒಂದ್ಸಲ ಸರಿಯಾಗಿ ಹೇಳೋ. ಪಕ್ಕದ್ಮನೆಯವ್ರಿಗೆ ಕಂಪ್ಯೂಟರ್ ಅಂತೀನಿ, ಕಂಪ್ಯೂಟರ್‌ನಲ್ಲಿ ಏನು ಅಂತಾರೆ."

"ಕಳ್ಳ ಪ್ರೋಗ್ರಾಂನ ಒಂದೊಂದೇ ಹೆಜ್ಜೆ ನಡೆಸೋದಮ್ಮ. ಪ್ರತಿ ಹೆಜ್ಜೆಗೂ ನಿಲ್ಸಿ, ಜೇಬಲ್ಲಿ ಏನಿಟ್ಕೊಂಡಿದೆ ಅಂತ ನೋಡೋದು. ಹಂಗೆ ನಿಲ್ಸಿ ನೋಡೋ ಸಾಧನಕ್ಕೆ ಡಿಬಗ್ಗರ್ ಅಂತಾರೆ."

ಅತ್ತೆಗೆ ಅರ್ಥವಾಗಲಿಲ್ಲ. ನಾನು ಅವಕಾಶ ಬಿಡುತ್ತೇನೆಯೇ? "ಅತ್ತೆ, ನನ್ನ ಕಾರಲ್ಲಿ ಎರಡನೇ ಬ್ರೇಕ್ ಇದ್ಯಲ್ಲ, ಅದೇ ಡಿಬಗ್ಗರು. ಓಡ್ಸೋದು ಅವ್ರು, ನಿಲ್ಸೋದು ನಾನು" ಎಂದೆ.

"ಸೂಪರ್ ಭಾವ!" ಎಂದು ಅವನು ಅವರೆಕಾಯಿ ಸಮೇತ ಎದ್ದು ನಿಂತ. "ಅದೇ ಅಮ್ಮ, ಎರಡನೇ ಬ್ರೇಕು. ಆದ್ರೆ ಈ ಕಳ್ಳರು ಭಾರಿ ಚಾಲಾಕು. ಪಕ್ಕದಲ್ಲಿ ಯಾರೋ ಬ್ರೇಕ್ ಮೇಲೆ ಕಾಲಿಟ್ಟಿದಾರೆ ಅಂತ ಹೆಂಗೋ ಪತ್ತೆ ಹಚ್ಬಿಡ್ತಾರೆ."

"ಹೆಂಗೋ?"

"ಮೊದ್ಲು ಕಂಪ್ಯೂಟರನ್ನೇ ನೇರವಾಗಿ ಕೇಳತ್ತೆ, ನನ್ನ ಯಾರಾದ್ರೂ ನೋಡ್ತಿದಾರಾ ಅಂತ. ಅದು ಸತ್ಯ ಹೇಳ್ಬಿಡತ್ತೆ."

"ಅಯ್ಯೋ, ಪೆದ್ದು!"

"ಅದಕ್ಕೇ ನಾನು ಮೊದ್ಲೇ ಅದಕ್ಕೆ ಸುಳ್ಳು ಹೇಳ್ಕೊಟ್ಟಿರ್ತೀನಿ. ಆಮೇಲೆ ಗಡಿಯಾರ ನೋಡತ್ತೆ. ಕಣ್ಣು ಮಿಟುಕ್ಸೋದ್ರಲ್ಲಿ ಮುಗೀಬೇಕಾದ ಕೆಲ್ಸಕ್ಕೆ ನಿಮಿಷ ಹಿಡೀತು ಅಂದ್ರೆ ಮಧ್ಯ ಯಾರೋ ತಡೆದಿದಾರೆ ಅಂತ ಅರ್ಥ. ಅದೂ ಸಾಲ್ದು ಅಂತ ತನ್ನ ಮೈಯೆಲ್ಲ ತಾನೇ ತಡವಿ ನೋಡ್ಕೊಳ್ಳತ್ತೆ, ಇಲ್ಲಿ ನಿಲ್ಲು ಅಂತ ನಾನೆಲ್ಲಾದ್ರೂ ಗುರುತು ಮಾಡಿದೀನಾ ಅಂತ."

"ಗುರುತು ಸಿಕ್ಕಿದ್ರೆ?"

"ಸಾಧು ಆಗ್ಬಿಡತ್ತೆ! ಕೂಡೋ ಕಳೆಯೋ ಲೆಕ್ಕದ ಪ್ರೋಗ್ರಾಂ ಥರ ನಾಟಕ ಆಡತ್ತೆ. ಇಲ್ಲಾಂದ್ರೆ ಫೈಲ್ ಹಾಳಾಗಿದೆ ಅಂತ ಹೇಳಿ ಬಾಗ್ಲು ಹಾಕ್ಕೊಂಡು ಹೋಗತ್ತೆ. ಕೆಲವಂತೂ ಸುಮ್ನೆ ಮಲಗ್ಬಿಡ್ತವೆ, ನಾನು ಬೇಜಾರಾಗಿ ಎದ್ದು ಹೋಗೋವರ್ಗೂ."

ಅತ್ತೆ ಅವರೆಕಾಯಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ಮಾವ ಹಂಗೇ ಕಣೋ! ಸಕ್ಕರೆ ಕಾಯಿಲೆ ಬಂದ್ಮೇಲೆ ನಾನು ಮನೇಲಿದ್ರೆ ಮುದ್ದೆ, ಇಲ್ದಿದ್ರೆ ಮೈಸೂರುಪಾಕು. ಬಾಗ್ಲಲ್ಲಿ ನನ್ನ ಚಪ್ಲಿ ಇದ್ಯಾ ಅಂತ ಬಗ್ಗಿ ನೋಡಿ ಡಬ್ಬ ತೆಗೀತಿದ್ರು."

"ನೀವೇನ್ ಮಾಡಿದ್ರಿ?"

"ಚಪ್ಲಿ ಎತ್ಕೊಂಡು ಬಂದು ಅಡುಗೆಮನೆ ಬಾಗ್ಲ ಹಿಂದೆ ಕೂತ್ಕೊಂಡೆ!"

"ಅಮ್ಮ, ನಾಳೆಯಿಂದ ನಮ್ಮ ಆಫೀಸಿಗೆ ಬಂದ್ಬಿಡಿ. ನಾವು ಡಿಬಗ್ಗರ್ ಬಚ್ಚಿಡೋದು ಥೇಟ್ ಹಿಂಗೇ."

ಅತ್ತೆ ಅವನ ತಲೆಗೊಂದು ಪ್ರೀತಿಯ ಏಟು ಕೊಟ್ಟು, "ಎಷ್ಟು ಚೆನ್ನಾಗಿ ತಿಳಿಯೋ ಹಂಗೆ ಹೇಳ್ತೀಯೋ!" ಎಂದರು. ಕೇಳಿದಿರಾ? ಎರಡನೇ ಬ್ರೇಕಿನ ಹೋಲಿಕೆ ನನ್ನದು, ಹೊಗಳಿಕೆ ಅವನಿಗೆ! ನನಗೆ ಹೊಟ್ಟೆಯೊಳಗೆ ಹಸಿ ಅವರೆಕಾಳು ನುಂಗಿದ ಹಾಗಾಯಿತು. ಹೊಟ್ಟೆಕಿಚ್ಚು ಎಂದರೆ ಅದೇ, ಮುಚ್ಚುಮರೆ ಏಕೆ?

ಆದರೆ ಅವತ್ತೇ ನನಗೆ ಜ್ಞಾನೋದಯವೂ ಆಯಿತು. ನೋಡುತ್ತಿದ್ದಾರೆಂದು ಗೊತ್ತಾದರೆ ಸಾಧುವಾಗುವ ಕಳ್ಳರ ಜೊತೆಯೇ ದಿನವೆಲ್ಲ ಇರುವವನು ಇವನು. ಆ ವಿದ್ಯೆ ಇವನಿಗೂ ಅಂಟಿರುವುದಿಲ್ಲವೇ? ಸಿಟ್ಟಿಲ್ಲ, ಸಿಡುಕಿಲ್ಲ, ತಿಂದ ತಟ್ಟೆ ತಾನೇ ತೊಳೆಯುತ್ತಾನೆ, ಮದುವೆಮನೆಯಲ್ಲಿ ಕೊನೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾನೆ. ಮನುಷ್ಯನಾದವನು ಹೀಗಿರಲು ಸಾಧ್ಯವೇ? ಇವನು ಒಳ್ಳೆಯವನಲ್ಲ, ನಾವು ನೋಡುತ್ತಿದ್ದೇವೆಂದು ಗೊತ್ತಿರುವವನು! ಯಾರೂ ನೋಡದಾಗ ಇವನೇನು ಮಾಡುತ್ತಾನೆಂದು ಪತ್ತೆ ಹಚ್ಚಿ ಅತ್ತೆಯ ಮುಂದಿಡಬೇಕು ಎಂದು ನಿರ್ಧರಿಸಿದೆ.

ಮೊದಲ ಪ್ರಯತ್ನ ಜಯನಗರದ ಅಂಗಡಿಬೀದಿಯಲ್ಲಿ. ನಾನು ಪಾಠ ಹೇಳುತ್ತ ಕಾರಿನಲ್ಲಿದ್ದೆ, ಓಡಿಸುತ್ತಿದ್ದವರು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮೇಡಂ. ಮುಂದೆ ನೀಲಿ ಅಂಗಿ ತೊಟ್ಟು, ತರಕಾರಿ ಚೀಲ ಹಿಡಿದು ಷಡ್ಡಕ ಹೋಗುತ್ತಿದ್ದ.

"ಮೇಡಂ, ಆ ನೀಲಿ ಶರ್ಟಿನವರ ಹಿಂದೇನೇ ನಿಧಾನಕ್ಕೆ ಹೋಗಿ."

"ಯಾಕ್ ಸಾರ್? ಇದು ಟೆಸ್ಟಲ್ಲಿ ಬರತ್ತಾ?"

"ಬರತ್ತೆ ಮೇಡಂ. ಮನುಷ್ಯರು ನಡೆಯೋ ಸ್ಪೀಡಲ್ಲಿ ಕಾರು ಓಡ್ಸೋದು. ಅದೇ ಕಷ್ಟ."

ಬಹಳ ಕಷ್ಟವೇ ಆಯಿತು. ಕಾರು ಕೆಮ್ಮಿ ನಿಂತಿತು, ಹಿಂದಿನ ಆಟೋಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು, ಮೇಡಂ ಸ್ಟಿಯರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡರು. ಷಡ್ಡಕ ತಿರುಗಿ ಬಂದು, ಆಟೋದವರಿಗೆ ಕೈಮುಗಿದು ದಾರಿ ಮಾಡಿಸಿ, ಮೇಡಂಗೆ ನೀರು ಕೊಟ್ಟು, ನನ್ನ ಕಿಟಕಿಯ ಬಳಿ ಬಗ್ಗಿದ. "ಭಾವ, ಹಿಂದಿನಿಂದ ಬಂದ್ರೆ ಸೀರೆ ಅಂಗಡಿ ಗಾಜಲ್ಲೆಲ್ಲ ನಿಮ್ಮ ಬೋರ್ಡ್ ಕಾಣತ್ತೆ. ಎದುರುಗಡೆಯಿಂದ ಬಂದಿದ್ರೆ ಪಾಠಕ್ಕೆ ಬಂದಿದೀರಿ ಅಂದ್ಕೊಳ್ತಿದ್ದೆ, ನನ್ನನ್ನ ನೋಡೋಕೆ ಅಂತ ಗೊತ್ತೇ ಆಗ್ತಿರ್ಲಿಲ್ಲ" ಎಂದ. ಕಾರಿನ ನೆತ್ತಿಯ ಮೇಲೆ ನನ್ನ ಹೆಸರನ್ನೇ ಅಷ್ಟುದ್ದ ಕೆಂಪು ಅಕ್ಷರದಲ್ಲಿ ಬರೆಸಿದ್ದನ್ನು ಮರೆತು ಪತ್ತೇದಾರಿಕೆಗೆ ಹೊರಟಿದ್ದೆ!

ಎರಡನೇ ಸಲ ಅತ್ತೆಮನೆಯಲ್ಲೇ ಹೊಂಚು ಹಾಕಿದೆ. ಚಕ್ಕುಲಿ ತಿನ್ನುವ ನೆಪದಲ್ಲಿ ಪೇಪರಿನ ಅಂಚಿನಿಂದ ಅವನನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವನೇ ತಲೆಯೆತ್ತಿದ. "ಭಾವ, ಹುಷಾರಿದೀರಾ? ನೀವು ಒಂದು ಚಕ್ಕುಲಿಗೆ ಯಾವತ್ತೂ ಇಷ್ಟು ಹೊತ್ತು ತಗೊಂಡೋರಲ್ಲ." ಗಡಿಯಾರದ ಪರೀಕ್ಷೆ! ನನ್ನ ಮೇಲೇ!

ಮುಂದೆ ಪುಟ್ಟೇನಹಳ್ಳಿ ಕೆರೆಯ ಹತ್ತಿರ ಒಂದು ಹೊಸ ಅಪಾರ್ಟ್‌ಮೆಂಟಿನ ಮಾದರಿ ಮನೆ ನೋಡಲು ನಾವೆಲ್ಲ ಹೋಗಿದ್ದೆವು. ನಾದಿನಿಗೆ ಮನೆ ಕೊಳ್ಳುವ ಆಸೆ. ಮಂಚ, ಪರದೆ, ಮೇಜಿನ ಮೇಲೆ ಪ್ಲಾಸ್ಟಿಕ್ ಸೇಬು, ಎಲ್ಲ ಅಚ್ಚುಕಟ್ಟು. ತೋರಿಸಲು ಬಂದವನು, "ನೋಡಿ ಸಾರ್, ಈಗ್ಲೇ ಬಂದು ವಾಸ ಮಾಡ್ಬೋದು" ಎಂದ. ಷಡ್ಡಕ ಅಡುಗೆಮನೆಯ ಬಾಗಿಲ ಹಿಂದೆ ಹಣಿಕಿದ. "ಪ್ಲಾಸ್ಟಿಕ್ ಕವರ್ ತುಂಬಿಟ್ಟಿರೋ ಪ್ಲಾಸ್ಟಿಕ್ ಕವರ್ ಎಲ್ಲಿ? ಇಲ್ಲ. ನಾನು ಕಳ್ಳ ಆಗಿದ್ರೆ ಇಲ್ಲಿ ಕದೀತಿರ್ಲಿಲ್ಲ. ಇದು ಬಲೆ ಅಂತ ನೋಡಿದ ತಕ್ಷಣ ಗೊತ್ತಾಗತ್ತೆ."

ವಾಪಸು ಬರುವಾಗ ತನ್ನ ಕಷ್ಟ ತೋಡಿಕೊಂಡ. ಅವನು ಕಳ್ಳರನ್ನು ಬಿಡುವ ಕಂಪ್ಯೂಟರೂ ಈ ಮಾದರಿ ಮನೆಯಂತೆಯೇ ಸಿಕ್ಕಿಬೀಳುತ್ತದಂತೆ. ಎರಡೇ ಫೈಲು, ನಿನ್ನೆ ತಾನೇ ಹುಟ್ಟಿದ ಹಾಗೆ ಇರುವ ಖಾಲಿ ಪರದೆ, ಅಲ್ಲಾಡದ ಮೌಸು. ಒಳಗೆ ಬಂದ ಮಾಲ್ವೇರ್ ಸುತ್ತ ನೋಡಿ, ಇಲ್ಲಿ ಮನುಷ್ಯರಿಲ್ಲ ಎಂದು ತೀರ್ಮಾನಿಸಿ ಮಲಗಿಬಿಡುತ್ತದೆ. ಹಾಗಾಗಿ ಇವನು ಸುಳ್ಳು ಫೋಟೋ, ಸುಳ್ಳು ಪತ್ರ, ಸುಳ್ಳು ಮನುಷ್ಯನನ್ನೇ ಸೃಷ್ಟಿಸಿ ಇಡಬೇಕು. ಮೌಸನ್ನೂ ತಾನೇ ಅಲ್ಲಾಡುವಂತೆ ಮಾಡಿದ್ದಾನೆ. "ಆದ್ರೂ ನಂಬಲ್ಲ ಭಾವ. ಈಗ ಒಂದು ಬಂದಿದೆ, ಯಾವುದಕ್ಕೂ ಏಳ್ತಿಲ್ಲ. ನಾನು ಮಾಡಿದ ಮನುಷ್ಯ ತುಂಬ ನೀಟು."

ನಿನ್ನ ಹಾಗೇ, ಎಂದುಕೊಂಡೆ ನಾನು ಮನಸ್ಸಿನಲ್ಲಿ.

ಅದಾದ ಮೇಲೆ ಅವನು ಭಾನುವಾರಗಳಂದು ನನ್ನ ಸ್ಕೂಲಿಗೆ ಬರತೊಡಗಿದ. ಕಂಪ್ಯೂಟರ್ ಸರಿಮಾಡಿಕೊಡುತ್ತೇನೆ ಎಂದು ನೆಪ. ಅದರೊಳಗೆ ಏನೋ ಒಂದು ಪ್ರೋಗ್ರಾಂ ಹಾಕುತ್ತೇನೆ, ಪರವಾಗಿಲ್ಲವಾ ಎಂದು ಕೇಳಿದ, ಹಾಕಿಕೊಳ್ಳಿ ಎಂದೆ. ಆಮೇಲೆ ಸರಿ ಮಾಡುವುದು ಬಿಟ್ಟು ನನ್ನ ಹಿಂದೆ ಕುರ್ಚಿ ಹಾಕಿಕೊಂಡು, ಕಾಫಿ ಹೀರುತ್ತ, ನಾನು ಮೌಸ್ ಹಿಡಿಯುವುದನ್ನೇ ನೋಡುತ್ತಿದ್ದ! ಮೌಸಿನ ವಿಷಯದಲ್ಲಿ ನಾನು ಸ್ವಲ್ಪ ಒರಟು. ಪರದೆಯ ಮೇಲಿನ ಬಾಣ ಎಲ್ಲಿ ಹೋಯಿತೆಂದು ಮೊದಲು ಹುಡುಕುತ್ತೇನೆ, ಸಿಕ್ಕಿದ ಮೇಲೆ ಹೋಗಬೇಕಾದ ಜಾಗವನ್ನು ದಾಟಿ ಹೋಗುತ್ತೇನೆ, ತಿರುಗಿ ಬಂದು ಒತ್ತುತ್ತೇನೆ, ತೆರೆಯದಿದ್ದರೆ ಸಿಟ್ಟಿನಿಂದ ಮತ್ತೆ ಮತ್ತೆ ಕುಟ್ಟುತ್ತೇನೆ. ಇವನು ಹಿಂದೆ ಕೂತು ಮುಗುಳ್ನಗುತ್ತಿದ್ದ. ಅಂಗಳದಲ್ಲಿ ನಾನು ಶಿಷ್ಯರಿಗೆ ಕ್ಲಚ್ಚಿನ ಪಾಠ ಹೇಳುವಾಗಲೂ ಬಾಗಿಲಿಗೆ ಒರಗಿ ಕೇಳುತ್ತ ನಿಂತಿರುತ್ತಿದ್ದ. ಇವನು ನನ್ನನ್ನು ಆಡಿಕೊಳ್ಳಲೆಂದೇ ಬರುತ್ತಿದ್ದಾನೆಂದು ನನಗೆ ಖಾತ್ರಿಯಾಯಿತು.

ಆಗ ಸಿಕ್ಕಿಬಿದ್ದ ನೋಡಿ!

ಕುಮಾರಸ್ವಾಮಿ ಲೇಔಟಿನಲ್ಲಿ ಇನ್ನೊಂದು ಡ್ರೈವಿಂಗ್ ಸ್ಕೂಲ್ ಇದೆ. ಹಸಿರು ಬೋರ್ಡಿನದು. ಅದರ ಯಜಮಾನ ನನ್ನಲ್ಲೇ ಕಲಿತು ನನಗೇ ಎದುರು ನಿಂತವನು. ಒಂದು ಮಧ್ಯಾಹ್ನ ಆ ಹಸಿರು ಬೋರ್ಡಿನ ಕಾರು ತಿರುವಿನಲ್ಲಿ ಎಂಜಿನ್ ಆಫ್ ಆಗಿ ನಿಂತಿತ್ತು. ನಗೋಣ ಎಂದು ಬಗ್ಗಿ ನೋಡಿದರೆ ಸ್ಟಿಯರಿಂಗಿನ ಹಿಂದೆ ನಮ್ಮ ಷಡ್ಡಕ! ನನ್ನನ್ನು ಕಂಡವನೇ ಬಿಳಿಚಿಕೊಂಡ. ಸ್ವಂತ ಭಾವನ ಡ್ರೈವಿಂಗ್ ಸ್ಕೂಲ್ ಬನಶಂಕರಿಯಲ್ಲಿ ಇರುವಾಗ, ಭಾನುವಾರ ಅಲ್ಲೇ ಕಾಫಿ ಕುಡಿಯುವವನು, ಕಲಿಯಲು ಶತ್ರುವಿನ ಹತ್ತಿರ ಹೋಗುವುದೇ? ನನಗೆ ನಿಜಕ್ಕೂ ನೋವಾಯಿತು. ಅತ್ತೆಯ ಪ್ರೀತಿ ಹೋಗಲಿ, ಚಿತ್ರಾನ್ನ ಹೋಗಲಿ. ಈ ಲೋಕದಲ್ಲಿ ನನಗೆ ಬರುವುದು ಒಂದೇ ವಿದ್ಯೆ. ಅದನ್ನೂ ಇವನು ಬೇಡವೆಂದನಲ್ಲ!

ಗೌರಿ ಹಬ್ಬದ ಊಟಕ್ಕೆ ಎಲ್ಲರೂ ಅತ್ತೆಮನೆಯಲ್ಲಿ ಸೇರಿದೆವು. ನಾದಿನಿ ಆಗ ತುಂಬು ಬಸುರಿ. ಒಬ್ಬಟ್ಟು ಬಡಿಸುವ ಹೊತ್ತಿಗೆ ನಾನು ಬಾಯಿಬಿಟ್ಟೆ. "ಅತ್ತೆ, ನಿಮ್ಮ ಚಿಕ್ಕ ಅಳಿಯಂದಿರು ಹಸಿರು ಬೋರ್ಡಿನವ್ನ ಹತ್ರ ಡ್ರೈವಿಂಗ್ ಕಲೀತಿದಾರೆ, ಗೊತ್ತಾ ನಿಮಗೆ? ನಮ್ಮ ಮುಂದೆ ಭಾವ ಭಾವ, ಹಿಂದೆ ಹಸಿರು ಬೋರ್ಡು! ನಾನೇನು ಸತ್ತು ಹೋಗಿದ್ನಾ?" ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು.

ಅವನು ಎಲೆಯ ಮೇಲಿಂದ ಕೈ ತೆಗೆದ. ಕಿವಿಯವರೆಗೂ ಕೆಂಪಾಗಿದ್ದ.

"ಎರಡು ಸಲ ಟೆಸ್ಟ್ ಫೇಲಾದೆ ಭಾವ. ಇವಳಿಗೆ ನೋವು ಬಂದಾಗ ನಾನೇ ಕರ್ಕೊಂಡು ಹೋಗ್ಬೇಕು ಅಂತ ಆಸೆ. ನಿಮ್ಮ ಹತ್ರಾನೇ ಬರ್ಬೇಕಿತ್ತು. ಆದ್ರೆ ನೀವು ಪಕ್ಕದಲ್ಲಿ ಕೂತಿದೀರಿ ಅಂದ್ಕೊಂಡ್ರೇನೇ ನನ್ನ ಕಾಲು ನಡುಗತ್ತೆ. ಬೇರೆ ಯಾರ ಮುಂದೆ ತಪ್ಪು ಮಾಡಿದ್ರೂ ಪರವಾಗಿಲ್ಲ. ನಿಮ್ಮ ಮುಂದೆ ಮಾಡೋಕೆ ನಾಚಿಕೆ."

"ಸುಳ್ಳು! ಪ್ರತಿ ಭಾನುವಾರ ನನ್ನ ಹಿಂದೆ ಕೂತು ನಗ್ತೀರಿ ನೀವು!"

ಅವನು ಕೈತೊಳೆದು ಬಂದು ತನ್ನ ಲ್ಯಾಪ್‌ಟಾಪ್ ತೆರೆದು ಅತ್ತೆಯ ಮುಂದಿಟ್ಟ. ಪರದೆಯ ಮೇಲೆ ಬಾಣವೊಂದು ತಾನಾಗಿಯೇ ಚಲಿಸುತ್ತಿತ್ತು. ಮೊದಲು ದಾರಿ ತಪ್ಪಿದಂತೆ ಮೂಲೆಯಲ್ಲಿ ಸುತ್ತಾಡಿತು. ಆಮೇಲೆ ಒಂದು ಫೈಲಿನ ಕಡೆ ಹೊರಟಿತು, ಅದನ್ನು ದಾಟಿ ಹೋಯಿತು, ನಿಂತು ಯೋಚಿಸಿತು, ತಿರುಗಿ ಬಂದು ಒತ್ತಿತು, ತೆರೆಯದಿದ್ದಕ್ಕೆ ಮತ್ತೆ ಮತ್ತೆ ಕುಟ್ಟಿತು. ಅತ್ತೆ ಕನ್ನಡಕ ಸರಿಮಾಡಿಕೊಂಡರು. "ನಮ್ಮ ಕರೆಂಟ್ ಬಿಲ್ ಕಟ್ಟೋವಾಗ ಹಿಂಗೇ... ಇದು ದೊಡ್ಡ ಅಳಿಯಂದ್ರ ಕೈ ಅಲ್ವೇನೋ?"

"ಅವ್ರದ್ದೇ ಅಮ್ಮ" ಎಂದ ಅವನು. "ನಾನು ಬರೆದ ಮೌಸ್ ನೇರವಾಗಿ ಹೋಗ್ತಿತ್ತು, ನೇರವಾಗಿ ಬರ್ತಿತ್ತು. ಕಳ್ಳ ನಂಬ್ಲಿಲ್ಲ. ಭಾವನ ಕೈ ನೋಡ್ನೋಡಿ, ಅವ್ರನ್ನ ಕೇಳಿ ಹಾಕಿದ್ದ ಪ್ರೋಗ್ರಾಂನಲ್ಲಿ ಅದರ ಓಡಾಟ ಬರೆದಿಟ್ಕೊಂಡು ಇದನ್ನ ಮಾಡಿದೆ. ಬಿಟ್ಟ ತಕ್ಷಣ ಎದ್ದು ಕೂತ್ಕೊಂಡು ಕದಿಯೋಕೆ ಶುರು ಮಾಡ್ತು! ನಮ್ಮ ಆಫೀಸಲ್ಲಿ ಎಲ್ರೂ ಇದಕ್ಕೆ ಭಾವ ಅಂತಾನೇ ಕರೀತಾರೆ. ಯಾವುದಾದ್ರೂ ಕಳ್ಳ ಏಳ್ದೇ ಮಲಗಿದ್ರೆ, ಭಾವನ್ನ ಕರೀರಿ ಅಂತಾರೆ."

ಅವನ ತಪ್ಪು ಹಿಡಿಯಬೇಕೆಂದು ನಾನು ಅವನ ಹಿಂದೆ ಬಿದ್ದಿದ್ದೆ. ಅವನೋ, ನಿಜವಾದ ಮನುಷ್ಯ ಹೇಗಿರುತ್ತಾನೆಂದು ಕಲಿಯಲು ನನ್ನ ಹಿಂದೆ ಕೂತಿದ್ದ! ಸತ್ಯ ಹೇಳಲೇ? ಆಗಲೂ ನನ್ನ ಹೊಟ್ಟೆಕಿಚ್ಚು ಪೂರ್ತಿ ಆರಲಿಲ್ಲ. ಅವನ ಆಫೀಸಿನಲ್ಲಿ ನನಗಿಂತ ಹೆಚ್ಚು ಮರ್ಯಾದೆ ಪಡೆಯುತ್ತಿರುವ ಆ ಬಾಣದ ಮೇಲೆ ಉರಿಯಿತು.

"ಆದ್ರೂ ಹಸಿರು ಬೋರ್ಡಿನವನ ಹತ್ರ..." ಎಂದು ಇನ್ನೂ ಗೊಣಗುತ್ತಿದ್ದೆ.

"ಸಾಕು ಸುಮ್ನಿರೋ!" ಎಂದು ಅತ್ತೆ ಗದರಿದರು. "ಹಬ್ಬದ ದಿನ ಎಲೆ ಮುಂದೆ ಕೂಗಾಡ್ತಾನೆ. ಒಬ್ಬಟ್ಟು ತಿನ್ನು ಮೊದ್ಲು."

ಹೇಳಿದ ಮೇಲೆ ಅವರೇ ನಾಲಿಗೆ ಕಚ್ಚಿಕೊಂಡರು. ನಾನು ತಲೆ ತಗ್ಗಿಸಿ ಒಬ್ಬಟ್ಟು ತಿಂದೆ. ಅಷ್ಟು ರುಚಿಯಾದ ಒಬ್ಬಟ್ಟನ್ನು ನಾನು ಆ ಮನೆಯಲ್ಲಿ ಹಿಂದೆಂದೂ ತಿಂದಿರಲಿಲ್ಲ.

ಮರುದಿನ ಗಣೇಶನ ಹಬ್ಬದ ಊಟ ಮುಗಿಸಿ, ಮಧ್ಯಾಹ್ನ ಅವನನ್ನು ನನ್ನ ಕಾರಿನಲ್ಲಿ ಪುಟ್ಟೇನಹಳ್ಳಿ ಕೆರೆಯ ಪಕ್ಕದ ಖಾಲಿ ರಸ್ತೆಗೆ ಕರೆದುಕೊಂಡು ಹೋದೆ. ಸ್ಟಿಯರಿಂಗಿನ ಹಿಂದೆ ಅವನು, ಪಕ್ಕದಲ್ಲಿ ನಾನು. ಕ್ಲಚ್ ಬಿಟ್ಟ, ಎಂಜಿನ್ ಆಫ್. ಮತ್ತೆ ಸ್ಟಾರ್ಟ್ ಮಾಡಿದ, ಮತ್ತೆ ಆಫ್. ಹಣೆಯಲ್ಲಿ ಬೆವರು. ಅವನ ಕಣ್ಣು ಎಲ್ಲಿ ಹೋಗುತ್ತಿದೆ ಎಂದು ನೋಡಿದೆ. ಪ್ರತಿ ಸಲ ಕ್ಲಚ್ ಬಿಡುವ ಮೊದಲು ಅವನು ಓರೆಗಣ್ಣಿನಿಂದ ನನ್ನ ಕಾಲಿನ ಕಡೆ ನೋಡುತ್ತಿದ್ದ. ಎರಡನೇ ಬ್ರೇಕಿನ ಮೇಲೆ ನನ್ನ ಚಪ್ಪಲಿ ಇದೆಯೇ ಎಂದು!

ಚಪ್ಪಲಿ ಬಿಚ್ಚಿ ಹಿಂದಿನ ಸೀಟಿಗೆ ಎಸೆದೆ. ಎರಡೂ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಇಷ್ಟು ವರ್ಷದಲ್ಲಿ ಯಾವ ಶಿಷ್ಯನ ಪಕ್ಕದಲ್ಲೂ ನಾನು ಹೀಗೆ ಕೂತವನಲ್ಲ.

"ಭಾವ, ಬ್ರೇಕು?"

"ನಿನ್ನ ಕಾಲ ಕೆಳಗೊಂದಿದ್ಯಲ್ಲಪ್ಪ. ಸಾಕು ಅದು. ಹಬ್ಬದ ಊಟ ಇನ್ನೂ ಇಳಿದಿಲ್ಲ ಕಣೋ, ನಿದ್ದೆ ಎಳೀತಿದೆ ನನಗೆ" ಎಂದು ತಲೆಯನ್ನು ಕಿಟಕಿಗೆ ಒರಗಿಸಿ, ಕಣ್ಣು ಮುಚ್ಚಿ, ಸಣ್ಣಗೆ ಗೊರಕೆ ಹೊಡೆಯತೊಡಗಿದೆ.

ಲೋಕದ ಎಂತೆಂಥ ಕಳ್ಳನಿದ್ದೆಗಳನ್ನು ಹಿಡಿದವನು ಅವನು. ನನ್ನ ಗೊರಕೆ ಸುಳ್ಳೆಂದು ಅವನಿಗೆ ತಿಳಿಯಲಿಲ್ಲವೇ? ತಿಳಿದಿರಬೇಕು. ಆದರೂ ಕಾರು ಸ್ಟಾರ್ಟ್ ಮಾಡಿದ. ಯಾರೂ ನೋಡದಾಗ ಇವನು ಏನು ಮಾಡುತ್ತಾನೆಂದು ತಿಳಿಯಲು ನಾನು ಎಷ್ಟೆಲ್ಲ ಪಾಡುಪಟ್ಟಿದ್ದೆ! ಈಗ ಕಣ್ಣು ಮುಚ್ಚಿಕೊಂಡು, ಗೊರಕೆ ತಗ್ಗಿಸಿ, ಕಿವಿ ಮಾತ್ರ ತೆರೆದಿಟ್ಟು ಕೂತೆ.

ಅವನು ತನ್ನಷ್ಟಕ್ಕೆ ತಾನೇ, ಪಿಸುದನಿಯಲ್ಲಿ, ಥೇಟ್ ನನ್ನ ರಾಗದಲ್ಲೇ ಹೇಳಿಕೊಳ್ಳುತ್ತಿದ್ದ: "ಮಗು ಮಲಗಿದೆ ಅಂದ್ಕೋ. ತಲೆ ಕೆಳಗಿಂದ ಕೈ ತೆಗೀತಾ ಇದೀಯ. ಮೆಲ್ಲಗೆ... ಮೆಲ್ಲಗೆ..."

ಕಾರು ಒಂದು ಕುಲುಕೂ ಇಲ್ಲದೆ ಹೊರಟಿತು. ನನ್ನ ಕೆನ್ನೆಯ ಮೇಲೆ ಏನೋ ಬೆಚ್ಚಗೆ ಇಳಿಯಿತು. ಇಳಿಯಲಿ ಎಂದು ಬಿಟ್ಟೆ. ನಿದ್ದೆ ಮಾಡುತ್ತಿರುವವನು ಕಣ್ಣೊರೆಸಿಕೊಳ್ಳುವ ಹಾಗಿಲ್ಲವಲ್ಲ!